ನುಡಿ, ಪೇಜ್‌ಮೇಕರ್, ಪಿಡಿಎಫ್‌ನಲ್ಲಿ ಸಿಕ್ಕಿಕೊಂಡಿರುವ ಹಳೆ ಲೇಖನಗಳನ್ನು ಯುನಿಕೋಡ್‌ಗೆ ತರೋದು ಹೇಗೆ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಒಂದು ಸಣ್ಣ ಮಾಸಪತ್ರಿಕೆ ಇದೆ. ಚಂದಾದಾರರ ದುಡ್ಡಲ್ಲೇ ನಡೆದುಕೊಂಡು ಬಂದಿದೆ. ಕಥೆ, ಕವನ, ಊರಿನ ಇತಿಹಾಸ, ಕೃಷಿ ಅನುಭವ ಎಲ್ಲ ಅದರಲ್ಲಿ ಬಂದಿವೆ. ಹಳೆ ಸಂಚಿಕೆಗಳನ್ನು ಯಾರು ಬೇಕಾದರೂ ಹುಡುಕಿ ಓದುವ ಹಾಗೆ ಮಾಡಬೇಕು ಅಂತ ಸಂಪಾದಕರ ಆಸೆ. ಹಾರ್ಡ್ ಡಿಸ್ಕ್ ನನ್ನ ಕೈಗೆ ಕೊಟ್ಟಿದ್ದಾರೆ.

ಅದರಲ್ಲಿ ಮೂರು ಬಗೆಯ ಫೈಲುಗಳಿವೆ. ತೀರಾ ಹಳೆಯವು ಪೇಜ್‌ಮೇಕರ್ ಅನ್ನೋ ಪುಟವಿನ್ಯಾಸ ತಂತ್ರಾಂಶದಲ್ಲಿವೆ. ಆಮೇಲಿನವು ವರ್ಡ್‌ನ ಡಾಕ್ ಫೈಲುಗಳು, ನುಡಿ ಅನ್ನೋ ಕನ್ನಡ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ್ದು. ಇತ್ತೀಚಿನವಕ್ಕೆ ಮೂಲ ಫೈಲೇ ಇಲ್ಲ, ಪ್ರೆಸ್‌ಗೆ ಕಳಿಸಿದ ಪಿಡಿಎಫ್ ಮಾತ್ರ ಉಳಿದಿದೆ.

ವರ್ಡ್‌ನಿಂದ ಕಾಪಿ ಮಾಡಿ ವೆಬ್‌ಪುಟಕ್ಕೆ ಹಾಕಿದರೆ ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ ಏನೇನೋ ಬರುತ್ತದೆ. ಪಿಡಿಎಫ್‌ನಿಂದ ಕಾಪಿ ಮಾಡಿದರೆ ಕನ್ನಡವೇ ಬರುತ್ತದೆ, ಆದರೆ ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿ ಕೂತಿರುತ್ತವೆ. ಕೊನೆಗೆ ನನಗೆ ಬೇಕಿರೋದು ಎರಡು: ವೆಬ್‌ನಲ್ಲಿ ಹುಡುಕಬಹುದಾದ ಪಠ್ಯ, ಮೊಬೈಲಿನಲ್ಲಿ ಓದೋಕೆ ಇಪಬ್ (ಇ-ಪುಸ್ತಕದ ಫೈಲ್). ಎಲ್ಲಿಂದ ಶುರು ಮಾಡಲಿ?

ಸ್ಕ್ಯಾನ್‌ಪ್ರಿಯ

ಇಷ್ಟೆಲ್ಲ ಯಾಕೆ ಸರ್? ಎಲ್ಲವನ್ನೂ ಪಿಡಿಎಫ್ ಮಾಡಿ ಹಾಕಿಬಿಡಿ. ಮೊಬೈಲಿನಲ್ಲಿ ಪಿಡಿಎಫ್ ತೆರೆಯದವರು ಈಗ ಯಾರಿದ್ದಾರೆ?

ಓದುಗಿ

ನಾನಿದ್ದೇನೆ. ನನಗೆ ಕಣ್ಣು ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ಎನ್‌ವಿಡಿಎ ಇಟ್ಟುಕೊಂಡು ಕೇಳಿ ಓದುತ್ತೇನೆ. ಅದು ಉಚಿತವಾಗಿ ಸಿಗುವ ತಂತ್ರಾಂಶ, ಜೊತೆಗೆ ಬರುವ ಇಸ್ಪೀಕ್ ಧ್ವನಿಗೆ ಕನ್ನಡವೂ ಬರುತ್ತದೆ. ಯುನಿಕೋಡ್ (ಜಗತ್ತಿನ ಲಿಪಿಗಳ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಡುವ ಪದ್ಧತಿ) ಕನ್ನಡವಾದರೆ ಸಲೀಸಾಗಿ ಓದಿ ಹೇಳುತ್ತದೆ. ನುಡಿ ಫಾಂಟಿನ ಫೈಲ್ ಕೊಟ್ಟರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕೇಳಿಸುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಕೊಟ್ಟರೆ ಖಾಲಿ ಪುಟ ಅನ್ನುತ್ತದೆ.

ನಿಮಗೆ ಪರದೆ ಮೇಲೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ, ಹಾಗಾಗಿ ತೊಂದರೆ ಗೊತ್ತಾಗುವುದಿಲ್ಲ. ತುಂಗಾತೀರ ಅವರೇ, ದಯವಿಟ್ಟು ಪಠ್ಯವಾಗಿಯೇ ಕೊಡಿ. ಊರಿನ ಇತಿಹಾಸದ ಬರಹಗಳು ಅಂದಿರಲ್ಲ, ಅಂಥವು ನಮ್ಮಂಥವರ ಕೈಗೆ ಸಿಗುವುದೇ ಇಲ್ಲ.

ಕಡಲೂರ ಕೋಡರ್

ಓದುಗಿ ಅವರು ಹೇಳಿದ್ದೇ ಇಡೀ ಕೆಲಸದ ಕಾರಣ. ಈಗ ತುಂಗಾತೀರ ಅವರ ಪ್ರಶ್ನೆಗೆ ಬರುತ್ತೇನೆ.

ನಿಮ್ಮ ವರ್ಡ್ ಫೈಲ್ ಕೆಟ್ಟಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ವಿಂಡೋಸ್‌ನಲ್ಲಿ ಅದು ಸರಿಯಾಗಿ ಮೂಡಿದ್ದು 2001ರ ಎಕ್ಸ್‌ಪಿಯಿಂದ, ತುಂಗಾ ಫಾಂಟ್ ಜೊತೆಗೆ. ಅದಕ್ಕೂ ಮೊದಲೇ ಕನ್ನಡದಲ್ಲಿ ಅಚ್ಚಿನ ಕೆಲಸ ನಡೆಯಬೇಕಿತ್ತು. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟುಗಳು ಬಂದವು. ನಿಮ್ಮ ಫೈಲಿನೊಳಗೆ ‘ಕನ್ನಡ’ ಅನ್ನೋ ಪದ ಇರುವುದು ಹೀಗೆ: ದೊಡ್ಡ ಪಿ, ತಲೆ ಮೇಲೆ ಗೀಟಿರುವ ದೊಡ್ಡ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರು ಬಳಸುವ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಮತ್ತೆ ಅದೇ ಎ. ಯಕ್ಷಗಾನದ ವೇಷದ ಹಾಗೆ, ಮೇಲೆ ಕಾಣುವುದು ಕನ್ನಡ, ಒಳಗಿರುವುದು ಬೇರೆ. ವೆಬ್‌ಪುಟಕ್ಕೆ ಹಾಕಿದಾಗ ನುಡಿ ಫಾಂಟ್ ಬಿಟ್ಟುಹೋಯಿತು, ಒಳಗಿನದು ಹೊರಗೆ ಬಂತು.

ಈ ಪರಿವರ್ತನೆಗೆ ಉಪಕರಣಗಳಿವೆ. ನುಡಿ ಮತ್ತು ಬರಹ ತಂತ್ರಾಂಶಗಳ ಜೊತೆಗೇ ಪರಿವರ್ತಕ ಬರುತ್ತದೆ. ಮುಕ್ತ ತಂತ್ರಾಂಶವಾಗಿ ಸಿಗುವ ಪರಿವರ್ತಕಗಳೂ ಇವೆ, ಬ್ರೌಸರಿನಲ್ಲೇ ಪಠ್ಯ ಅಂಟಿಸಿ ನೋಡಬಹುದು. ಒಂದು ಪುಟಕ್ಕಾದರೆ ಅಷ್ಟು ಸಾಕು. ಇಡೀ ಪತ್ರಿಕೆಗಾದರೆ ಸಾಲದು, ಯಾಕೆ ಅಂತ ಅಚ್ಚುಮನೆ ಅವರು ಹೇಳಿದರೆ ಚೆನ್ನ. ಅವರ ಕೈಯಲ್ಲಿ ಇಂಥ ಪುಸ್ತಕಗಳು ತುಂಬ ಹಾದುಹೋಗಿವೆ.

ಅಚ್ಚುಮನೆ

ಕರೆದಿದ್ದಕ್ಕೆ ಸಂತೋಷ. ಡಿಟಿಪಿ ಕೆಲಸದಲ್ಲೇ ಜೀವನ ಕಳೆದವನು ನಾನು. ಕೇಳುವವರು ಸಿಕ್ಕರೆ ಹೇಳೋದಕ್ಕೆ ಬೇಕಾದಷ್ಟಿದೆ.

ತುಂಗಾತೀರ ಸರ್, ಮೊದಲನೇ ಕೆಲಸ ಫಾಂಟುಗಳ ಪಟ್ಟಿ ಮಾಡೋದು. ನುಡಿ ಮತ್ತು ಬರಹದ ಹಳೆ ಫಾಂಟುಗಳಿಗೆ ಒಂದೇ ಸಂಕೇತ ಪದ್ಧತಿ, ಹಾಗಾಗಿ ಒಂದೇ ಪರಿವರ್ತಕ ಎರಡಕ್ಕೂ ನಡೆಯುತ್ತದೆ. ಶ್ರೀಲಿಪಿ ಅನ್ನೋ ಇನ್ನೊಂದು ತಂತ್ರಾಂಶದ ಫಾಂಟುಗಳದ್ದು ಬೇರೆ. ಅದಕ್ಕೆ ನುಡಿ ಪರಿವರ್ತಕ ಹಾಕಿದರೆ ಬರೋದೆಲ್ಲ ಕಸ. ಪತ್ರಿಕೆ ಅಂದಮೇಲೆ ಲೇಖನಕ್ಕೆ ಒಂದು, ತಲೆಬರಹಕ್ಕೆ ಇನ್ನೊಂದು, ಜಾಹೀರಾತಿಗೆ ಮತ್ತೊಂದು ಫಾಂಟ್ ಇರೋದು ಸಹಜ. ಒಂದೇ ಪುಟದಲ್ಲಿ ಎರಡು ಪದ್ಧತಿ ಸೇರಿರುತ್ತವೆ.

ಎರಡನೇದು ಇಂಗ್ಲಿಷ್ ಪದಗಳು. ಕೃಷಿ ಲೇಖನ ಅಂದಿರಿ. ಗೊಬ್ಬರದ ಹೆಸರು, ರೋಗದ ಹೆಸರು ನಡುವೆ ಇಂಗ್ಲಿಷಿನಲ್ಲಿ ಇರುತ್ತದೆ, ಅಲ್ವಾ? ಅದು ಟೈಮ್ಸ್ ನ್ಯೂ ರೋಮನ್‌ನಲ್ಲಿದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಬರೀ ಪಠ್ಯವಾಗಿ ಕಾಪಿ ಮಾಡಿ ಪರಿವರ್ತಕಕ್ಕೆ ಅಂಟಿಸಿದರೆ ಫಾಂಟಿನ ಗುರುತೇ ಹೋಯಿತು. ಪರಿವರ್ತಕ ಆ ಇಂಗ್ಲಿಷನ್ನೂ ನುಡಿ ಅಂದುಕೊಂಡು ಕನ್ನಡ ಮಾಡಿಬಿಡುತ್ತದೆ. ಪುಟದ ನಡುವೆ ಅರ್ಥವಿಲ್ಲದ ಕನ್ನಡ ಪದಗಳು ಉಳಿಯುತ್ತವೆ. ಅವು ಮೊದಲು ಏನಾಗಿದ್ದವು ಅಂತ ಆಮೇಲೆ ಹುಡುಕೋದು ಬಹಳ ಕಷ್ಟ.

ಅಂಕಿಗಳೂ ಹಾಗೇ. ಕೆಲವು ಫಾಂಟುಗಳಲ್ಲಿ ಇಂಗ್ಲಿಷ್ ಅಂಕಿಯ ಜಾಗದಲ್ಲೇ ಕನ್ನಡ ಅಂಕಿ ಕೂತಿರುತ್ತದೆ. ಅಚ್ಚಿನಲ್ಲಿ ೧೯೯೮ ಅಂತಿದ್ದದ್ದು ಪರಿವರ್ತನೆ ಆದಮೇಲೆ 1998 ಆಗಬಹುದು. ಓದೋಕೆ ತೊಂದರೆ ಇಲ್ಲ. ಆದರೆ ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಿ, ಇಡೀ ಪತ್ರಿಕೆಗೆ ಒಂದೇ ರೀತಿ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಡಾಕ್ ಫೈಲ್ ತೆರೆಯುವ ಮೊದಲು ವರ್ಡ್‌ನ ಆಟೋಕರೆಕ್ಟ್ ಪೂರ್ತಿ ಆರಿಸಿ. ವಾಕ್ಯದ ಮೊದಲ ಅಕ್ಷರವನ್ನು ಅದು ದೊಡ್ಡದು ಮಾಡುತ್ತದೆ, ನೇರ ಉದ್ಧರಣ ಚಿಹ್ನೆಯನ್ನು ಬಾಗಿಸುತ್ತದೆ. ಇಂಗ್ಲಿಷಿಗೆ ಅದು ಉಪಕಾರ. ನುಡಿಯಲ್ಲಿ ಸಣ್ಣ ಅಕ್ಷರ ಒಂದು ಕನ್ನಡ ತುಂಡು, ದೊಡ್ಡ ಅಕ್ಷರ ಇನ್ನೊಂದು. ಯಾರೋ ತಿದ್ದೋಕೆ ಕೂತಾಗ ಪದವೇ ಬದಲಾಗಿ ಹೋಗುತ್ತದೆ.

ಕಡಲೂರ ಕೋಡರ್

ಅಚ್ಚುಮನೆ ಅವರು ಹೇಳಿದ ಇಂಗ್ಲಿಷ್ ಪದಗಳ ತೊಂದರೆಗೆ ಸರಿಯಾದ ದಾರಿ ಇದೆ. ಮೊದಲು ಡಾಕ್ ಫೈಲುಗಳನ್ನೆಲ್ಲ ವರ್ಡ್‌ನ ಹೊಸ ಫೈಲ್ ರೂಪವಾದ ಡಾಕ್ಸ್ ಮಾಡಿಕೊಳ್ಳಿ. ಲಿಬ್ರೆಆಫೀಸ್ ಅನ್ನೋ ಉಚಿತ ಕಚೇರಿ ತಂತ್ರಾಂಶದಲ್ಲಿ ಪರದೆಯೇ ತೆರೆಯದೆ, ಆಜ್ಞೆಯ ಮೂಲಕ ಇಡೀ ಫೋಲ್ಡರನ್ನು ಒಟ್ಟಿಗೆ ಪರಿವರ್ತಿಸಬಹುದು. ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಮುಗಿದಿರುತ್ತದೆ.

ಡಾಕ್ಸ್ ಅಂದರೆ ಒಂದು ಜಿಪ್ ಕಟ್ಟು. ಬಿಚ್ಚಿದರೆ ಒಳಗೆ ಎಕ್ಸ್‌ಎಂಎಲ್ ಫೈಲುಗಳಿವೆ. ಪಠ್ಯ ಅದರಲ್ಲಿ ತುಂಡು ತುಂಡಾಗಿ ಇರುತ್ತದೆ. ಎಲ್ಲಿ ಫಾಂಟ್, ದಪ್ಪ ಅಕ್ಷರ ಅಥವಾ ಗಾತ್ರ ಬದಲಾಗುತ್ತದೋ ಅಲ್ಲಿ ಹೊಸ ತುಂಡು. ಪ್ರತಿ ತುಂಡಿಗೂ ಯಾವ ಫಾಂಟ್ ಅಂತ ಬರೆದಿರುತ್ತದೆ. ಹಾಗಾಗಿ ಸಣ್ಣ ಪೈಥಾನ್ ಪ್ರೋಗ್ರಾಂ ಬರೆದು, ನುಡಿ ಫಾಂಟಿರುವ ತುಂಡನ್ನು ಮಾತ್ರ ಪರಿವರ್ತಿಸಿ, ಮಿಕ್ಕಿದ್ದನ್ನು ಮುಟ್ಟದೆ ಬಿಡಬಹುದು. ಇಂಗ್ಲಿಷ್ ಇಂಗ್ಲಿಷಾಗಿಯೇ ಉಳಿಯುತ್ತದೆ.

ಎರಡು ಕಡೆ ಎಚ್ಚರ ಬೇಕು. ಒಂದು, ಫಾಂಟಿನ ಹೆಸರು ತುಂಡಿನಲ್ಲಿ ಇಲ್ಲದೆ ಸ್ಟೈಲ್‌ನಲ್ಲಿ ಇರಬಹುದು. ಪ್ರೋಗ್ರಾಂ ಅಲ್ಲೂ ಹೋಗಿ ನೋಡಬೇಕು, ಇಲ್ಲದಿದ್ದರೆ ಅರ್ಧ ಲೇಖನ ಹಾಗೇ ಉಳಿಯುತ್ತದೆ. ಎರಡು, ವರ್ಡ್‌ನ ಲೆಕ್ಕದಲ್ಲಿ ಯುನಿಕೋಡ್ ಕನ್ನಡ ‘ಸಂಕೀರ್ಣ ಲಿಪಿ’ಗಳ ಗುಂಪಿಗೆ ಸೇರುತ್ತದೆ. ಅಂಥ ಲಿಪಿಗಳಿಗೆ ಫಾಂಟ್, ದಪ್ಪ, ಗಾತ್ರ ಎಲ್ಲದಕ್ಕೂ ಬೇರೆ ಖಾನೆ ಇದೆ. ಬರೀ ಅಕ್ಷರ ಬದಲಿಸಿ ಬಿಟ್ಟರೆ ತಲೆಬರಹದ ದಪ್ಪ ಹೋಗುತ್ತದೆ, ಗಾತ್ರ ಕುಗ್ಗುತ್ತದೆ. ಹಳೆ ಖಾನೆಯ ಬೆಲೆಗಳನ್ನು ಹೊಸ ಖಾನೆಗೂ ನಕಲು ಮಾಡಿ.

ಆಮೇಲೆ ತುಂಡಿನ ಗಡಿ. ಕೆಲವೊಮ್ಮೆ ಒಂದೇ ಪದ ಎರಡು ತುಂಡಾಗಿರುತ್ತದೆ, ಕ ಒಂದರಲ್ಲಿ, ಅದರ ಒತ್ತು ಇನ್ನೊಂದರಲ್ಲಿ. ಅಕ್ಕಪಕ್ಕದ ತುಂಡುಗಳ ರೂಪ ಒಂದೇ ಆಗಿದ್ದರೆ ಮೊದಲು ಸೇರಿಸಿ, ಆಮೇಲೆ ಪರಿವರ್ತಿಸಿ.

ತುಂಗಾತೀರ

ಬಹಳ ಉಪಕಾರ ಆಯಿತು. ನನಗೆ ಪೈಥಾನ್ ಬರುವುದಿಲ್ಲ, ಆದರೆ ತಂಗಿಯ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ, ಅವನನ್ನು ಕೂರಿಸಿಕೊಳ್ಳುತ್ತೇನೆ. ಒಂದು ಅನುಮಾನ. ಅಕ್ಷರಕ್ಕೆ ಅಕ್ಷರ ಬದಲಿಸೋದೇ ಆದರೆ ವರ್ಡ್‌ನ ಹುಡುಕಿ ಬದಲಿಸುವ ಸೌಲಭ್ಯದಲ್ಲೇ ಮಾಡಬಹುದಲ್ಲ?

ಕಡಲೂರ ಕೋಡರ್

ಆಗುವುದಿಲ್ಲ. ಹಳೆ ಫಾಂಟುಗಳಲ್ಲಿ ಅಕ್ಷರಗಳು ಇರೋದು ಕಣ್ಣಿಗೆ ಕಾಣುವ ಕ್ರಮದಲ್ಲಿ, ಯುನಿಕೋಡ್‌ನಲ್ಲಿ ಉಚ್ಚಾರದ ಕ್ರಮದಲ್ಲಿ.

‘ಕರ್ನಾಟಕ’ ತಗೊಳ್ಳಿ. ಬರೆಯುವಾಗ ಅರ್ಕಾವೊತ್ತು ‘ನಾ’ ಆದಮೇಲೆ ಬರುತ್ತದೆ. ನುಡಿಯಲ್ಲೂ ಹಾಗೇ: ಕ, ನಾ, ಅರ್ಕಾವೊತ್ತು, ಟ, ಕ. ಯುನಿಕೋಡ್‌ನಲ್ಲಿ ಮೊದಲು ‘ರ್’ ಬರಬೇಕು, ಆಮೇಲೆ ‘ನಾ’. ಪರಿವರ್ತಕ ಹಿಂದಕ್ಕೆ ಹೋಗಿ ಇಡೀ ಅಕ್ಷರದ ಮುಂದೆ ‘ರ್’ ಸೇರಿಸಬೇಕು. ಸುಮ್ನೆ ಬದಲಿಸಿದರೆ ‘ಕನಾರ್ಟಕ’ ಆಗುತ್ತದೆ. ಅಂತರ್ಜಾಲದಲ್ಲಿ ಈ ‘ಕನಾರ್ಟಕ’, ‘ಕಾಯರ್ಕ್ರಮ’ ಎಲ್ಲ ನೋಡಿರುತ್ತೀರಿ. ಬರೆದವರ ತಪ್ಪಲ್ಲ, ಪರಿವರ್ತನೆ ಕೆಟ್ಟದ್ದು.

ಒತ್ತಕ್ಷರವೂ ಹಾಗೇ. ‘ಎಲ್ಲಿ’ ಪದದಲ್ಲಿ ಕಾಣುವ ಕ್ರಮ ಎ, ಲಿ, ಲ ಒತ್ತು. ಯುನಿಕೋಡ್‌ಗೆ ಬೇಕಾದದ್ದು ಎ, ಲ, ವಿರಾಮ (ಸ್ವರ ತೆಗೆಯುವ ‘್’ ಚಿಹ್ನೆ), ಲ, ಗುಡಿಸು. ಗುಡಿಸು ಕೊನೆಗೆ ಹೋಗಬೇಕು.

ಮೂಲಪ್ರತಿ

ನಾನು ವಿಕಿಸೋರ್ಸ್‌ನಲ್ಲಿ ಹಳೆ ಪುಸ್ತಕಗಳ ಪಠ್ಯ ತಿದ್ದುವ ಕೆಲಸ ಮಾಡುತ್ತೇನೆ. ಮೇಲಿನ ಮಾತಿಗೆ ಒಂದು ಸೇರಿಸುತ್ತೇನೆ. ಕೆಲವು ಸ್ವರಚಿಹ್ನೆಗಳನ್ನು ಯುನಿಕೋಡ್‌ನಲ್ಲಿ ಒಂದಕ್ಕಿಂತ ಹೆಚ್ಚು ರೀತಿ ಬರೆಯಬಹುದು. ‘ಕೋ’ದಲ್ಲಿರುವ ಓಕಾರ ಒಂದೇ ಸಂಕೇತವಾಗಿರಬಹುದು, ಅಥವಾ ಎಕಾರ, ಊಕಾರ, ದೀರ್ಘ ಅಂತ ಮೂರು ಸಂಕೇತ ಸೇರಿ ಆಗಿರಬಹುದು. ನೋಡೋಕೆ ಒಂದೇ. ಹುಡುಕುವಾಗ ಕೆಲವು ತಂತ್ರಾಂಶಗಳಿಗೆ ಬೇರೆ ಬೇರೆ. ‘ಕೋಗಿಲೆ’ ಅಂತ ಹುಡುಕಿದರೆ ಅರ್ಧ ಲೇಖನಗಳು ಸಿಗುವುದೇ ಇಲ್ಲ. ಪರಿವರ್ತನೆ ಆದ ತಕ್ಷಣ ಎಲ್ಲವನ್ನೂ ಎನ್‌ಎಫ್‌ಸಿ, ಅಂದರೆ ಇಂಥವನ್ನು ಒಂದೇ ಸಂಕೇತಕ್ಕೆ ಕೂಡಿಸುವ ಯುನಿಕೋಡ್ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ ಅದು ಒಂದೇ ಸಾಲಿನ ಕೆಲಸ.

ಕಣ್ಣಿಗೆ ಕಾಣದ ಇನ್ನೊಂದು ಸಂಕೇತ ಇದೆ, ಜೋಡಿಸಬೇಡ ಅಂತ ಹೇಳುವ ಶೂನ್ಯ ಅಗಲದ್ದು. ‘ಸಾಫ್ಟ್‌ವೇರ್’ ಅಂತ ಸರಿಯಾಗಿ ಕಾಣೋದಕ್ಕೆ ಅದೇ ಕಾರಣ. ಅದು ಬಿಟ್ಟುಹೋದರೆ ‘ಸಾಫ್ಟ್ವೇರ್’ ಆಗುತ್ತದೆ. ಕೆಲವರು ಪಠ್ಯ ಶುದ್ಧ ಮಾಡುತ್ತೇವೆ ಅಂತ ಕಾಣದ ಸಂಕೇತಗಳನ್ನೆಲ್ಲ ಅಳಿಸುತ್ತಾರೆ. ದಯವಿಟ್ಟು ಕನ್ನಡಕ್ಕೆ ಹಾಗೆ ಮಾಡಬೇಡಿ.

ಸ್ಕ್ಯಾನ್‌ಪ್ರಿಯ

ಓದುಗಿ ಮೇಡಂ ಹೇಳಿದ ಮೇಲೆ ಪಿಡಿಎಫ್ ಮಾತು ಬಿಟ್ಟೆ. ಆದರೆ ಈ ಪರಿವರ್ತನೆಯ ತಲೆನೋವೇ ಬೇಡ, ಎಲ್ಲವನ್ನೂ ಒಸಿಆರ್ (ಪುಟದ ಚಿತ್ರದಿಂದ ಅಕ್ಷರ ಗುರುತಿಸಿ ಪಠ್ಯ ಮಾಡುವುದು) ಮಾಡಬಹುದಲ್ಲ? ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಬಂದೇಬಿಡುತ್ತದೆ. ಫಾಂಟ್ ಯಾವುದಾದರೇನು?

ಮೂಲಪ್ರತಿ

ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಟೆಸೆರಾಕ್ಟ್ ಕೂಡ ಇದೆ, ಅದು ಮುಕ್ತ ತಂತ್ರಾಂಶ, ಕನ್ನಡದ ದತ್ತಾಂಶವೂ ಸಿಗುತ್ತದೆ. ಕಾಗದದ ಪ್ರತಿ ಬಿಟ್ಟು ಬೇರೇನೂ ಇಲ್ಲದಾಗ ಒಸಿಆರ್ ಬಿಟ್ಟರೆ ಗತಿ ಇಲ್ಲ. ಆದರೆ ಮೂಲ ಫೈಲ್ ಕೈಯಲ್ಲಿರುವಾಗ ಒಸಿಆರ್ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಪರಿವರ್ತಕ ತಪ್ಪು ಮಾಡಿದರೆ ಎಲ್ಲ ಕಡೆಯೂ ಒಂದೇ ತಪ್ಪು ಮಾಡುತ್ತದೆ. ಒಮ್ಮೆ ಕಂಡುಹಿಡಿದರೆ ಇಡೀ ಸಂಗ್ರಹದಲ್ಲಿ ಒಟ್ಟಿಗೆ ತಿದ್ದಬಹುದು. ಒಸಿಆರ್ ಒಂದು ಸಾಲಿನಲ್ಲಿ ‘ಮ’ ಅನ್ನು ಸರಿಯಾಗಿ ಓದಿ, ಮುಂದಿನ ಸಾಲಿನಲ್ಲಿ ‘ವು’ ಅನ್ನುತ್ತದೆ. ಸೊನ್ನೆಗೂ ಅನುಸ್ವಾರಕ್ಕೂ ಗಲಿಬಿಲಿ. ದ ಧ, ಪ ಫ, ಡ ಢ ಇವುಗಳ ನಡುವೆ ಇರುವುದು ಸಣ್ಣ ಗೀಟು ಮಾತ್ರ, ಶಾಯಿ ಸ್ವಲ್ಪ ಹರಡಿದ್ದರೆ ಅದು ಕಾಣುವುದೇ ಇಲ್ಲ. ಇವನ್ನು ತಿದ್ದೋಕೆ ಪ್ರತಿ ಪುಟವನ್ನೂ ಮೂಲದ ಜೊತೆ ಇಟ್ಟು ಓದಬೇಕು. ವಿಕಿಸೋರ್ಸ್‌ನಲ್ಲಿ ನಾವು ಮಾಡುವುದು ಅದನ್ನೇ, ಒಬ್ಬರು ತಿದ್ದಿದ ಮೇಲೆ ಇನ್ನೊಬ್ಬರು ಪರಿಶೀಲಿಸಬೇಕು. ಹಾಗಾಗಿ ಆ ಶ್ರಮ ಎಷ್ಟು ಅಂತ ಗೊತ್ತು.

ಅದಲ್ಲದೆ ಪತ್ರಿಕೆಯ ಪುಟದಲ್ಲಿ ಎರಡು ಮೂರು ಕಾಲಂ ಇರುತ್ತವೆ. ಒಸಿಆರ್ ಕೆಲವೊಮ್ಮೆ ಕಾಲಂ ದಾಟಿ ಅಡ್ಡಕ್ಕೆ ಓದುತ್ತದೆ. ಒಂದು ಲೇಖನದ ಅರ್ಧ ಸಾಲು, ಪಕ್ಕದ್ದರ ಅರ್ಧ ಸಾಲು.

ತುಂಗಾತೀರ

ಹಾಗಾದರೆ ಪೇಜ್‌ಮೇಕರ್ ಫೈಲುಗಳ ಗತಿ? ಈಗಿನ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ.

ಅಚ್ಚುಮನೆ

ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಅದು ಬಂದಿದ್ದು 2001ರಲ್ಲಿ. ಆದರೂ ನಮ್ಮ ಕಡೆಯ ಪ್ರೆಸ್‌ಗಳಲ್ಲಿ ಆಮೇಲೂ ಬಹಳ ವರ್ಷ ಅದೇ ನಡೆಯಿತು. ಈಗಲೂ ಹುಡುಕಿದರೆ ಯಾವುದಾದರೂ ಹಳೆ ಪ್ರೆಸ್‌ನಲ್ಲಿ ಎಕ್ಸ್‌ಪಿ ಕಂಪ್ಯೂಟರ್ ಮೇಲೆ ಓಡುತ್ತಿರುತ್ತದೆ. ಅಂಥ ಕಡೆ ಹೋಗಿ ಕೂರೋದೇ ಒಳ್ಳೇದು. ಲೇಖನದೊಳಗೆ ಕರ್ಸರ್ ಇಟ್ಟು, ಎಕ್ಸ್‌ಪೋರ್ಟ್‌ನಲ್ಲಿ ಆರ್‌ಟಿಎಫ್ ಆರಿಸಿ. ಬರೀ ಟೆಕ್ಸ್ಟ್ ಆರಿಸಬೇಡಿ, ಫಾಂಟಿನ ಗುರುತು ಹೋಗುತ್ತದೆ. ಆರ್‌ಟಿಎಫ್‌ನಲ್ಲಿ ಫಾಂಟಿನ ಹೆಸರು ಉಳಿಯುತ್ತದೆ, ಆಮೇಲೆ ಅದನ್ನು ಡಾಕ್ಸ್ ಮಾಡಿಕೊಂಡರೆ ಕೋಡರ್ ಅವರ ದಾರಿ ಹಿಡಿಯಬಹುದು. ಒಂದೊಂದು ಲೇಖನವನ್ನೂ ಬೇರೆ ಬೇರೆ ಹೊರತೆಗೆಯಬೇಕು. ಬೇಸರದ ಕೆಲಸ ನಿಜ, ಆದರೆ ಲೇಖನಗಳು ಪ್ರತ್ಯೇಕವಾಗಿಯೇ ಸಿಗುತ್ತವೆ.

ಎರಡನೇ ದಾರಿ ಇನ್‌ಡಿಸೈನ್, ಅದೂ ಪುಟವಿನ್ಯಾಸ ತಂತ್ರಾಂಶವೇ. ಸಿಎಸ್‌6 ವರೆಗಿನ ಆವೃತ್ತಿಗಳು ಪೇಜ್‌ಮೇಕರ್ 6.5 ಮತ್ತು 7ರ ಫೈಲುಗಳನ್ನು ತೆರೆಯುತ್ತವೆ. ಅದರ ನಂತರದ ಸಿಸಿ ತೆರೆಯುವುದಿಲ್ಲ.

ಮೂರನೇದು ಲಿಬ್ರೆಆಫೀಸ್. 2015ರ ಆರಂಭದಲ್ಲಿ ಬಂದ 4.4ರಿಂದ ಅದು ಪೇಜ್‌ಮೇಕರ್ ಫೈಲ್ ತೆರೆಯುತ್ತದೆ. ಆದರೆ ಅದರ ಡ್ರಾ ಅನ್ನೋ ಚಿತ್ರ ಬಿಡಿಸುವ ಭಾಗದಲ್ಲಿ, ಚಿತ್ರದ ಹಾಗೆ ತೆರೆಯುತ್ತದೆ. ಪಠ್ಯ ಚೌಕ ಚೌಕವಾಗಿ ಒಡೆದಿರುತ್ತದೆ. ಬೇರೆ ಯಾವ ದಾರಿಯೂ ಇಲ್ಲದಾಗ ಇದು.

ಕವನಗಳ ಬಗ್ಗೆ ಎಚ್ಚರ ಸರ್. ಪೇಜ್‌ಮೇಕರ್‌ನಲ್ಲಿ ಪ್ರತಿ ಸಾಲಿಗೂ ಎಂಟರ್ ಹೊಡೆದಿರುತ್ತಾರೆ. ಇಪಬ್‌ಗೆ ಹೋದಾಗ ಒಂದೊಂದು ಸಾಲೂ ಒಂದೊಂದು ಪ್ಯಾರಾ ಆಗಿ ನಡುವೆ ಜಾಗ ಬಿಡುತ್ತದೆ. ನಾಲ್ಕು ಸಾಲಿನ ಪದ್ಯ ಅರ್ಧ ಪರದೆ ತುಂಬುತ್ತದೆ. ಪದ್ಯದೊಳಗಿನ ಎಂಟರ್‌ಗಳನ್ನು ಶಿಫ್ಟ್ ಎಂಟರ್ ಮಾಡಿ, ಪದ್ಯ ಮುಗಿದ ಕಡೆ ಮಾತ್ರ ಎಂಟರ್ ಇಡಿ. ಇದು ಕೈಯಿಂದಲೇ ಆಗಬೇಕು. ಕವಿ ಸಾಲು ಒಡೆದದ್ದು ಎಲ್ಲಿ, ಜಾಗ ಸಾಲದೆ ಟೈಪಿಸ್ಟ್ ಒಡೆದದ್ದು ಎಲ್ಲಿ ಅಂತ ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕವಿಗೆ ಅನ್ಯಾಯ ಆಗಬಾರದು.

ಗಡಿನಾಡ ಮೇಷ್ಟ್ರು

ಚರ್ಚೆ ಬಹಳ ಉಪಯುಕ್ತವಾಗಿದೆ. ನನ್ನದು ಉಲ್ಟಾ ಸಮಸ್ಯೆ. ನಾನು ಯುನಿಕೋಡ್‌ನಲ್ಲೇ ಬರೆಯುತ್ತೇನೆ. ಆದರೆ ಒಂದು ಕಚೇರಿಗೆ ವರದಿ ಕೊಡುವಾಗ ‘ನುಡಿಯಲ್ಲೇ ಕಳಿಸಿ, ನಮ್ಮಲ್ಲಿ ಅದೇ ತೆರೆಯುವುದು’ ಅನ್ನುತ್ತಾರೆ. ಮತ್ತೆ ಟೈಪ್ ಮಾಡಿಸಬೇಕೇ?

ಅಚ್ಚುಮನೆ

ಬೇಡ ಮೇಷ್ಟ್ರೇ. ನುಡಿ, ಬರಹ ಎರಡರ ಪರಿವರ್ತಕವೂ ಹಿಂದಕ್ಕೂ ಕೆಲಸ ಮಾಡುತ್ತದೆ. ಇಂಗ್ಲಿಷ್ ಪದಗಳಿರುವ ಜಾಗ ಮಾತ್ರ ನೋಡಿಕೊಳ್ಳಿ, ಅವಕ್ಕೂ ನುಡಿ ಫಾಂಟ್ ಹತ್ತಿದರೆ ಓದೋಕಾಗುವುದಿಲ್ಲ. ಮತ್ತೆ ಅವರಿಗೆ ಒಂದು ಮಾತು ಹೇಳಿ: ನುಡಿಯ ಹೊಸ ಆವೃತ್ತಿಯಲ್ಲೇ ಯುನಿಕೋಡ್ ಆಯ್ಕೆ ಇದೆ. ಅದೇ ಕೀಲಿಮಣೆ, ಅದೇ ಬೆರಳಿನ ಅಭ್ಯಾಸ. ಟೈಪ್ ಮಾಡುವವರು ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಎಷ್ಟೋ ಕಡೆ ಇದು ಗೊತ್ತಿಲ್ಲದೆ ಹಳೆಯದರಲ್ಲೇ ಉಳಿದಿದ್ದಾರೆ.

ತುಂಗಾತೀರ

ಡಾಕ್ ಫೈಲುಗಳ ಕೆಲಸ ಶುರುವಾಗಿದೆ. ಹುಡುಗ ಪ್ರೋಗ್ರಾಂ ಬರೆದ, ಚೆನ್ನಾಗಿ ಬರುತ್ತಿದೆ. ಇಂಗ್ಲಿಷ್ ಪದಗಳು ಹಾಗೇ ಉಳಿದಿವೆ. ಸಂಪಾದಕರಿಗೆ ತೋರಿಸಿದೆ, ತಮ್ಮ ಮೊದಲ ಸಂಪಾದಕೀಯವನ್ನು ಮೊಬೈಲಿನಲ್ಲಿ ಹುಡುಕಿ ಓದಿಸಿಕೊಂಡರು.

ಈಗ ಪಿಡಿಎಫ್‌ಗಳಿಗೆ ಬಂದಿದ್ದೇನೆ. ಎರಡು ಥರ ಇವೆ. ಕೆಲವು ನುಡಿ ಫಾಂಟಿನಿಂದ ಮಾಡಿದವು, ಕೊನೆಯ ಕೆಲವು ವರ್ಷದವು ಯುನಿಕೋಡ್ ಫಾಂಟಿನಿಂದ. ಹೊಸವು ಸುಲಭ ಅಂದುಕೊಂಡಿದ್ದೆ.

ಕಡಲೂರ ಕೋಡರ್

ಇಲ್ಲಿ ಹಳೆಯದೇ ಸುಲಭ. ನುಡಿ ಫಾಂಟಿನ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಸಾಮಾನ್ಯವಾಗಿ ಅದೇ ಪೌಂಡ್, ಪಿ, ಎ ಎಲ್ಲ ಕ್ರಮವಾಗಿ ಬರುತ್ತದೆ. ಅದನ್ನು ಪರಿವರ್ತಕಕ್ಕೆ ಕೊಟ್ಟರೆ ಆಯಿತು.

ಯುನಿಕೋಡ್ ಪಿಡಿಎಫ್‌ನಲ್ಲಿ ತೊಂದರೆ ಬೇರೆ. ಪಿಡಿಎಫ್ 1993ರಲ್ಲಿ ಬಂದದ್ದು, ಪುಟ ಎಲ್ಲ ಕಡೆ ಒಂದೇ ಥರ ಕಾಣಲಿ ಅಂತ. ಅದರಲ್ಲಿ ಇರುವುದು ಅಕ್ಷರಗಳ ಆಕಾರ ಮತ್ತು ಅವು ಪುಟದಲ್ಲಿ ಎಲ್ಲಿ ಕೂರಬೇಕು ಅನ್ನುವುದು. ಯಾವ ಆಕಾರಕ್ಕೆ ಯಾವ ಸಂಕೇತ ಅಂತ ಪಕ್ಕದಲ್ಲಿ ಒಂದು ಕೋಷ್ಟಕ ಇಡಬಹುದು. ಇಂಗ್ಲಿಷಿಗೆ ಅಷ್ಟು ಸಾಕು. ಕನ್ನಡದಲ್ಲಿ ‘ಲಿ’ ಒಂದು ಆಕಾರ, ‘ಲ ಒತ್ತು’ ಇನ್ನೊಂದು ಆಕಾರ. ಕಾಪಿ ಮಾಡಿದರೆ ಕಾಣುವ ಕ್ರಮದಲ್ಲೇ ಬರುತ್ತದೆ: ‘ಎಲಿ್ಲ’. ‘ಅಕ್ಕಿ’ ಹೋಗಿ ‘ಅಕಿ್ಕ’. ಅರ್ಕಾವೊತ್ತು ಕೂಡ ಹಾಗೇ ಹಿಂದೆ ಬಿದ್ದು ‘ಸೂರ್ಯ’ ಹೋಗಿ ‘ಸೂಯರ್’ ಆಗುತ್ತದೆ.

ಒತ್ತಕ್ಷರದ ತಪ್ಪನ್ನು ಯಂತ್ರವೇ ತಿದ್ದಬಹುದು. ಸರಿಯಾದ ಕನ್ನಡ ಪದದಲ್ಲಿ ಸ್ವರಚಿಹ್ನೆ ಆದಮೇಲೆ ವಿರಾಮ ಬರುವುದೇ ಇಲ್ಲ. ಹಾಗಾಗಿ ‘ಸ್ವರಚಿಹ್ನೆ, ವಿರಾಮ, ವ್ಯಂಜನ’ ಎಲ್ಲೇ ಕಂಡರೂ ‘ವಿರಾಮ, ವ್ಯಂಜನ, ಸ್ವರಚಿಹ್ನೆ’ ಮಾಡಿ. ಎರಡು ಒತ್ತು ಇರುವ ಪದಗಳಿಗೆ ಇದನ್ನು ಮತ್ತೊಮ್ಮೆ ಓಡಿಸಿ.

ಅರ್ಕಾವೊತ್ತಿಗೆ ಈ ಉಪಾಯ ನಡೆಯುವುದಿಲ್ಲ. ‘ಕನಾರ್ಟಕ’ದಲ್ಲಿ ವ್ಯಾಕರಣ ಮುರಿದಿಲ್ಲ. ‘ನಾ’ ಆದಮೇಲೆ ‘ರ್ಟ’ ಬರಬಾರದು ಅಂತ ನಿಯಮ ಇಲ್ಲ. ಅದು ತಪ್ಪು ಅಂತ ಕನ್ನಡ ಬಲ್ಲವರಿಗೆ ಮಾತ್ರ ಗೊತ್ತು.

ಸ್ಕ್ಯಾನ್‌ಪ್ರಿಯ

ಹಾಗಾದರೆ ಈ ಪಿಡಿಎಫ್‌ಗಳಿಗಾದರೂ ಒಸಿಆರ್ ಒಳ್ಳೇದಲ್ವಾ?

ಮೂಲಪ್ರತಿ

ಇದಕ್ಕೆ ಹೌದು ಅನ್ನುತ್ತೇನೆ, ಒಂದು ರೀತಿಯಲ್ಲಿ. ಇವು ಸ್ಕ್ಯಾನ್ ಮಾಡಿದ ಪುಟಗಳಲ್ಲ. ಪಿಡಿಎಫ್‌ನಿಂದ ನೇರವಾಗಿ ತೆಗೆದ ಚಿತ್ರದಲ್ಲಿ ಕಲೆ ಇಲ್ಲ, ಓರೆ ಇಲ್ಲ. 300 ಡಿಪಿಐಯಲ್ಲಿ ಚಿತ್ರ ಮಾಡಿಕೊಂಡು ಟೆಸೆರಾಕ್ಟ್‌ಗೆ ಕೊಟ್ಟರೆ ತಪ್ಪು ಕಡಿಮೆ. ಆಮೇಲೆ ಕಾಪಿ ಮಾಡಿದ ಪಠ್ಯವನ್ನೂ ಒಸಿಆರ್ ಪಠ್ಯವನ್ನೂ ಪಕ್ಕಪಕ್ಕ ಹೋಲಿಸಿ. ಎರಡರ ತಪ್ಪುಗಳೂ ಬೇರೆ ಬೇರೆ ಜಾತಿಯವು. ಒಂದರಲ್ಲಿ ಕ್ರಮ ತಪ್ಪಿರುತ್ತದೆ, ಇನ್ನೊಂದರಲ್ಲಿ ಆಕಾರ. ಎರಡೂ ಒಪ್ಪಿದ ಪದ ಬಹುಮಟ್ಟಿಗೆ ಸರಿ. ಒಪ್ಪದ ಕಡೆ ಮಾತ್ರ ಕಣ್ಣಿಟ್ಟು ನೋಡಿ.

ಓದುಗಿ

ಒಂದು ಕೇಳಿಕೆ. ಮುಂದಿನ ಸಂಚಿಕೆಗಳಲ್ಲಾದರೂ ಈ ಪಾಡು ಬೇಡ. ಪ್ರೆಸ್‌ಗೆ ಪಿಡಿಎಫ್ ಕಳಿಸುವ ದಿನವೇ ಮೂಲ ಫೈಲನ್ನೂ ಎತ್ತಿಡಿ. ಪಿಡಿಎಫ್ ಮಾಡುವಾಗ ‘ಪ್ರಿಂಟ್’ ಮೂಲಕ ಮಾಡದೆ ‘ಎಕ್ಸ್‌ಪೋರ್ಟ್’ ಮೂಲಕ ಮಾಡಿ, ಟ್ಯಾಗ್ ಸೇರಿಸುವ ಆಯ್ಕೆ ಹಾಕಿ. ತಲೆಬರಹ ಯಾವುದು, ಪ್ಯಾರಾ ಯಾವುದು ಅಂತ ನಮ್ಮ ತಂತ್ರಾಂಶಕ್ಕೆ ತಿಳಿಯುತ್ತದೆ.

ಕಡಲೂರ ಕೋಡರ್

ಲಿಬ್ರೆಆಫೀಸ್‌ನಲ್ಲಿ ಇನ್ನೂ ಒಂದು ಒಳ್ಳೆ ಆಯ್ಕೆ ಇದೆ, ಹೈಬ್ರಿಡ್ ಪಿಡಿಎಫ್. ಮೂಲ ಒಡಿಟಿ (ಲಿಬ್ರೆಆಫೀಸ್‌ನ ಪಠ್ಯ ದಾಖಲೆ) ಫೈಲನ್ನು ಪಿಡಿಎಫ್ ಒಳಗೇ ಇಟ್ಟುಬಿಡುತ್ತದೆ. ನೋಡುವವರಿಗೆ ಮಾಮೂಲಿ ಪಿಡಿಎಫ್. ಲಿಬ್ರೆಆಫೀಸ್‌ನಲ್ಲಿ ತೆರೆದರೆ ತಿದ್ದಬಹುದಾದ ಮೂಲ ಸಿಗುತ್ತದೆ. ಪಿಡಿಎಫ್ ಒಂದೇ ಉಳಿದರೂ ಪಠ್ಯ ಕಳೆಯುವುದಿಲ್ಲ.

ಇಪಬ್ ವಿಷಯ ಇನ್ನೂ ಬಂದಿಲ್ಲ. ಪರಿವರ್ತನೆ ಆದ ಡಾಕ್ಸ್ ಕೈಗೆ ಬಂದಮೇಲೆ ಪ್ಯಾಂಡಾಕ್ ಬಳಸಿ. 2006ರಿಂದ ಇರುವ ಮುಕ್ತ ತಂತ್ರಾಂಶ. ಡಾಕ್ಸ್, ಒಡಿಟಿ, ಎಚ್‌ಟಿಎಂಎಲ್, ಮಾರ್ಕ್‌ಡೌನ್, ಇಪಬ್ ಇವುಗಳ ನಡುವೆ ಯಾವುದರಿಂದ ಯಾವುದಕ್ಕೆ ಬೇಕಾದರೂ ಹೋಗುತ್ತದೆ. ಆದರೆ ಹಳೆ ಡಾಕ್ ಮತ್ತು ಪಿಡಿಎಫ್ ಅದು ಓದುವುದಿಲ್ಲ. ಮತ್ತೆ ಫಾಂಟಿನ ಹೆಸರನ್ನು ಅದು ಗಣನೆಗೇ ತಗೊಳ್ಳುವುದಿಲ್ಲ, ಹಾಗಾಗಿ ನುಡಿ ಪರಿವರ್ತನೆ ಅದಕ್ಕಿಂತ ಮೊದಲೇ ಮುಗಿದಿರಬೇಕು. ಈ ಕ್ರಮ ತಪ್ಪಿದರೆ ಹಿಂದಕ್ಕೆ ಬರೋಕಾಗುವುದಿಲ್ಲ.

ನನ್ನ ಸಲಹೆ, ಪ್ರತಿ ಲೇಖನವನ್ನೂ ಒಂದು ಮಾರ್ಕ್‌ಡೌನ್ (ಸಣ್ಣ ಗುರುತುಗಳಷ್ಟೇ ಇರುವ ಸರಳ ಪಠ್ಯ) ಫೈಲಾಗಿ, ಯುನಿಕೋಡ್ ಉಳಿಸುವ ರೀತಿಯಾದ ಯುಟಿಎಫ್-8ರಲ್ಲಿ ಇಟ್ಟುಕೊಳ್ಳಿ. ತಿದ್ದುಪಡಿ ಎಲ್ಲ ಅದರಲ್ಲೇ ಆಗಲಿ. ವೆಬ್‌ಪುಟ, ಇಪಬ್ ಎರಡೂ ಅದರಿಂದಲೇ ಹುಟ್ಟಲಿ. ಇಪಬ್‌ನಲ್ಲಿ ತಪ್ಪು ಕಂಡರೆ ಇಪಬ್ ತಿದ್ದಬೇಡಿ, ಮಾರ್ಕ್‌ಡೌನ್ ತಿದ್ದಿ ಹೊಸ ಇಪಬ್ ಮಾಡಿ. ಇಪಬ್ ಒಳಗೆ ನೋಟೋ ಸೆರಿಫ್ ಕನ್ನಡದಂಥ ಮುಕ್ತ ಪರವಾನಗಿಯ ಫಾಂಟ್ ಸೇರಿಸಿ. ಕೆಲವು ಓದುವ ಸಾಧನಗಳಲ್ಲಿ ಕನ್ನಡ ಫಾಂಟೇ ಇರುವುದಿಲ್ಲ, ಬರೀ ಚೌಕಗಳು ಕಾಣುತ್ತವೆ.

ಹಾಂ, ಹಳೆ ಫೈಲುಗಳನ್ನು ಅಳಿಸಬೇಡಿ. ಪೇಜ್‌ಮೇಕರ್, ಡಾಕ್, ಪಿಡಿಎಫ್, ಆಗ ಬಳಸಿದ ಫಾಂಟುಗಳು, ಎಲ್ಲ ಒಂದು ಕಡೆ ಹಾಗೇ ಇರಲಿ. ನಾಳೆ ಇನ್ನೂ ಒಳ್ಳೆ ಪರಿವರ್ತಕ ಬರಬಹುದು.

ಗಡಿನಾಡ ಮೇಷ್ಟ್ರು

ಇದೇ ಜಾಗದಲ್ಲಿ ಇನ್ನೊಂದು ಕೇಳಿಬಿಡುತ್ತೇನೆ. ಮಕ್ಕಳ ಹೆಸರಿನ ಪಟ್ಟಿಯನ್ನು ಸಿಎಸ್‌ವಿ ಫೈಲಾಗಿ ಇಳಿಸಿಕೊಂಡೆ. ಎಕ್ಸೆಲ್‌ನಲ್ಲಿ ತೆರೆದರೆ ಕನ್ನಡದ ಬದಲು ಗೀಟಿರುವ ಎ ಅಕ್ಷರಗಳೇ ತುಂಬಿವೆ. ಇದೂ ನುಡಿಯೇ?

ಕಡಲೂರ ಕೋಡರ್

ಅಲ್ಲ ಸರ್, ಇದು ಯುನಿಕೋಡೇ. ಎಕ್ಸೆಲ್ ಅದನ್ನು ಹಳೆ ಪಾಶ್ಚಾತ್ಯ ಸಂಕೇತ ಅಂದುಕೊಂಡು ಓದುತ್ತಿದೆ. ಫೈಲಿನ ಮೇಲೆ ನೇರವಾಗಿ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ಹಾಳೆ ತೆರೆದು, ಡೇಟಾ ಮೆನುವಿನಿಂದ ಪಠ್ಯ ಫೈಲ್ ಆಮದು ಮಾಡಿ, ಸಂಕೇತ ಕೇಳಿದಾಗ 65001 ಯುಟಿಎಫ್-8 ಆರಿಸಿ. ಕೆಟ್ಟು ಕಾಣುವಾಗ ಅದೇ ಫೈಲನ್ನು ಸೇವ್ ಮಾತ್ರ ಮಾಡಬೇಡಿ.

ತುಂಗಾತೀರ

ಮೂಲಪ್ರತಿ ಅವರ ಹೋಲಿಕೆಯ ಉಪಾಯ ಕೆಲಸ ಮಾಡಿತು. ಒತ್ತಕ್ಷರದ ತಪ್ಪುಗಳು ಹೆಚ್ಚುಕಡಿಮೆ ಎಲ್ಲ ಹೋದವು. ಅರ್ಕಾವೊತ್ತು ಮಾತ್ರ ಇನ್ನೂ ಅಲ್ಲಲ್ಲಿ ಉಳಿದಿದೆ. ಎಲ್ಲ ಸಂಚಿಕೆಗಳನ್ನೂ ಮತ್ತೆ ಓದದೆ ಅವನ್ನು ಹಿಡಿಯೋದು ಹೇಗೆ?

ಮೂಲಪ್ರತಿ

ನಿಮ್ಮ ಹತ್ತಿರವೇ ನಿಘಂಟು ಇದೆಯಲ್ಲ! ಡಾಕ್ ಫೈಲುಗಳಿಂದ ಬಂದ ಪಠ್ಯ ಶುದ್ಧವಾಗಿದೆ. ಅದರಲ್ಲಿರುವ ‘ರ್’ ಕೂಡಿದ ಪದಗಳನ್ನೆಲ್ಲ ಪ್ರೋಗ್ರಾಂನಿಂದ ಹೆಕ್ಕಿ ಪಟ್ಟಿ ಮಾಡಿ. ಪಿಡಿಎಫ್ ಪಠ್ಯದಲ್ಲಿ ‘ರ್’ ಇರುವ ಪ್ರತಿ ಪದವನ್ನೂ ಆ ಪಟ್ಟಿಯಲ್ಲಿ ಹುಡುಕಿ. ಸಿಕ್ಕರೆ ಬಿಡಿ. ಸಿಗದಿದ್ದರೆ ‘ರ್’ ಅನ್ನು ಒಂದು ಅಕ್ಷರ ಹಿಂದಕ್ಕೆ ಸರಿಸಿ ಮತ್ತೆ ಹುಡುಕಿ. ‘ಕನಾರ್ಟಕ’ ಸಿಗುವುದಿಲ್ಲ, ಸರಿಸಿದಾಗ ‘ಕರ್ನಾಟಕ’ ಸಿಗುತ್ತದೆ, ಬದಲಿಸಿ. ಎರಡೂ ಸಿಗದವನ್ನು ಬೇರೆ ಹಾಳೆಗೆ ಬರೆಸಿ. ಅದರಲ್ಲಿ ಊರಿನ ಹೆಸರು, ಮನೆತನದ ಹೆಸರು ಇರುತ್ತವೆ, ಅವನ್ನು ನಿಮ್ಮ ಸಂಪಾದಕರೇ ನೋಡಲಿ.

ಪದದ ಕೊನೆಗೆ ಬರುವ ‘ರ್’ಗೆ ಬೇರೆ ಗಮನ ಕೊಡಿ. ‘ಸೂಯರ್’ ತಪ್ಪು, ‘ಎಂಜಿನಿಯರ್’ ಸರಿ.

ತುಂಗಾತೀರ

ಇವತ್ತೇ ಹುಡುಗನಿಗೆ ಹೇಳುತ್ತೇನೆ. ಅರ್ಕಾವೊತ್ತಿನ ಪಟ್ಟಿ ತಯಾರಾದ ಮೇಲೆ ಇಲ್ಲೇ ಹಾಕುತ್ತೇನೆ, ಬೇರೆ ಪತ್ರಿಕೆಯವರಿಗೂ ಬೇಕಾಗಬಹುದು. ಓದುಗಿ ಅವರೇ, ಮೊದಲ ಇಪಬ್ ಆದಾಗ ನಿಮಗೆ ಕಳಿಸಲೇ? ಎಲ್ಲಿ ತಡವರಿಸುತ್ತದೆ ಅಂತ ನೀವು ಕೇಳಿ ಹೇಳಿದರೆ ನಮಗೆ ದೊಡ್ಡ ಸಹಾಯ.

ಓದುಗಿ

ಖಂಡಿತ ಕಳಿಸಿ. ಕೃಷಿ ಲೇಖನಗಳ ಸಂಚಿಕೆಯನ್ನೇ ಮೊದಲು ಕಳಿಸಿ. ಇಂಗ್ಲಿಷ್ ಪದ, ಅಂಕಿ, ಕೋಷ್ಟಕ ಎಲ್ಲ ಅದರಲ್ಲೇ ಜಾಸ್ತಿ ಇರುತ್ತವೆ. ಅದು ಸರಿಯಾಗಿ ಕೇಳಿಸಿದರೆ ಮಿಕ್ಕಿದ್ದರಲ್ಲಿ ತೊಂದರೆ ಕಡಿಮೆ. ಕೋಷ್ಟಕವನ್ನು ಚಿತ್ರವಾಗಿ ಹಾಕಿದ್ದರೆ ಮಾತ್ರ ಈಗಲೇ ಪಠ್ಯ ಮಾಡಿಬಿಡಿ, ಚಿತ್ರದೊಳಗಿನ ಅಂಕಿ ನನಗೆ ಕೇಳಿಸುವುದಿಲ್ಲ.